ಕುಂಬ್ಳೆ ಕಥಿ ಅರ್ಧಾನೇ ಹೇಳಬ್ಯಾಡ್ರಿ

ನಮ್ಮ ಮೈದುನನ ಮಗ ಎರಡ ತಿಂಗಳದಿಂದ ನಡ ನೋಸ್ತದ ಅಂತಿದ್ದ. 14 ವರ್ಷದ ಹುಡುಗ, ಜೋರ ಬಾಲ್ ಹಾಕಾಂವ. ನಾ ದಿನಾ ರಾತ್ರಿ ಎಣ್ಣಿ ಬಿಸಿ ಮಾಡಿ ತಿಕ್ಕತಿದ್ದೆ. ಮ್ಯಾಲೆ ಬುದ್ಧಿಮಾತ ಬ್ಯಾರೆ: "ಅನಿಲ್ ಕುಂಬ್ಳೆ ದವಡಿ ಮುರದ್ರೂ ಬಾಲ್ ಹಾಕ್ಯಾರ, ನಿನಗ ಇಷ್ಟ ತಡಕೊಳ್ಳಿಕ್ಕೆ ಆಗೂದಿಲ್ಲೇನೋ?" ಹುಡುಗ ಸುಮ್ಮನಾದ. ನೋವ ಹೋಗಿರಲಿಲ್ಲ, ಹೇಳೂದ ಬಿಟ್ಟಿದ್ದ ಅಷ್ಟ.

ಹಿಂದಕ್ಕ ಬಾಗಿದ್ರ ಜೀವ ಹೋಗೋಹಂಗ ಆದ ಮ್ಯಾಲೆ ಎಲುಬಿನ ಡಾಕ್ಟರ ಹತ್ರ ಹೋದ್ವಿ. ಬೆನ್ನೆಲುಬಿನ್ಯಾಗ ಸಣ್ಣ ಬಿರುಕು. ಬಿದ್ದ ಆದದ್ದಲ್ಲ ಅದು. ಜೋರ ಬಾಲ್ ಹಾಕೂಮುಂದ ನಡ ಬಾಗಿ ತಿರಗ್ತದ, ಮೈಭಾರೆಲ್ಲಾ ಒಂದ ಕಾಲ ಮ್ಯಾಲೆ ಬೀಳ್ತದ. ಬೆಳಿಯೋ ಎಲುಬಿಗೆ ವಿಶ್ರಾಂತಿ ಇಲ್ಲದ ದಿನಾ ಅದ ಜಾಗಾಕ್ಕ ಅದ ಹೊಡತ. ಎಣ್ಣಿಗೆ ಅದು ಕೂಡೂದಿಲ್ಲ, ಬಾಲ್ ಹಾಕೂದ ತಿಂಗಳಗಟ್ಟಲೆ ಬಿಡಬೇಕು. ಬುಮ್ರಾ ಅಂಥಾವ್ರೇ ಬೆನ್ನಿನ ಸಲುವಾಗಿ 2022ರ ಟಿ20 ವಿಶ್ವಕಪ್ ಬಿಟ್ರು.

ಕುಂಬ್ಳೆ 2002ರಾಗ ಆಂಟಿಗಾದಾಗ ಮಾರಿಗೆ ಪಟ್ಟಿ ಕಟಗೊಂಡು 14 ಓವರ್ ಹಾಕಿ ಲಾರಾನ್ನ ಔಟ್ ಮಾಡಿದ್ದು ಖರೇನ. ಆದ್ರ ಆಗ ಅವರಿಗೆ 31 ವರ್ಷ, ತಮ್ಮ ಮೈ ತಮಗ ಗೊತ್ತಿತ್ತು. ಆಮ್ಯಾಲೆ ಆಪರೇಶನ್ ಸಲುವಾಗಿ ಬೆಂಗಳೂರಿಗೆ ವಾಪಸ್ ಬಂದ್ರು. ಆ ಅರ್ಧ ನಾವು ಹುಡುಗರಿಗೆ ಹೇಳೂದೇ ಇಲ್ಲ.

ಪಾದ ಉಳುಕಿದಾಗೂ ನಂದು ಇದ ತಪ್ಪು. ಶಾಖ ಕೊಟ್ಟು, ಜಗ್ಗಿ ಉಳುಕ ತೆಗಿಯೂದು. ಮೊದಲ ಎರಡ ಮೂರ ದಿನ ಬಿಸೀನೂ ಬ್ಯಾಡ, ತಿಕ್ಕೂದೂ ಬ್ಯಾಡ, ಬಾವು ಹೆಚ್ಚಾಗ್ತದ. ಐಸ್ ಅರಿವ್ಯಾಗ ಸುತ್ತಿ 15–20 ನಿಮಿಷ ಇಡ್ರಿ, ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲ ತಲಿದಿಂಬಿನ ಮ್ಯಾಲೆ ಎತ್ತಿಡ್ರಿ. ನಾಕ ಹೆಜ್ಜಿ ಊರಲಿಕ್ಕೆ ಆಗಲಿಲ್ಲಂದ್ರ ಎಕ್ಸ್‌ರೇ ಮಾಡಸ್ರಿ. ತಲಿಗೆ ಬಾಲ್ ಬಡದ್ರಂತೂ ಅವತ್ತಿನ ಆಟ ಬಂದ್, ಹುಡುಗ ಎಷ್ಟ "ಏನಾಗಿಲ್ಲ" ಅಂದ್ರೂ.

"ಬಿಡಿಸಿದ್ರ ಕೋಚ್ ಸಿಟ್ಟಾಗ್ತಾರಕ್ಕಾ" ಅಂತ ನಮ್ಮ ನೆಗೆಣಿ ಅಂಜತಾಳ. ಆಗ್ಲಿ ಬಿಡ್ರಿ. ಶಾಲಿ ತಂಡದಾಗ ಒಂದಿಷ್ಟು, ಕ್ಲಬ್ಬಿನ್ಯಾಗ ಒಂದಿಷ್ಟು, ಐತವಾರ ಓಣ್ಯಾಗ ಒಂದಿಷ್ಟು. ಎಲ್ಲಾ ಕೂಡಿಸಿ ಎಷ್ಟ ಓವರ್ ಆತು ಅಂತ ಲೆಕ್ಕ ಇಟ್ಟಾವ್ರ ಯಾರು? ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂಗ ಓವರಿಗೆ ಮಿತಿ ಹಾಕೇದ. ನಮ್ಮಲ್ಲೆ ಆ ಕೆಲಸ ಅವ್ವಗೋಳೇ ಮಾಡಬೇಕು. ಹಾಲಿನ ಲೆಕ್ಕ ಕ್ಯಾಲೆಂಡರಿನ್ಯಾಗ ಬರೀತೀವಲ್ಲಾ, ಅದರ ಬಾಜೂಕ ಓವರೂ ಬರೀರಿ.

ನಮ್ಮ ಮನಿ ಕ್ಯಾಲೆಂಡರಿನ್ಯಾಗ ಈಗ ಹಾಲು ಒಂದ ಲೀಟರ್, ಓವರ್ ಸೊನ್ನಿ. ಡಾಕ್ಟರ್ ಹೂಂ ಅನ್ನೋತನಕಾ ಸೊನ್ನೀನ.