ದಫ್ತರದ ಬೀಗದ ಕೈ

ಮಗನೋ ಮಗಳೋ ಕಂಪೆನಿಯ ಉದ್ಯೋಗದಲ್ಲಿರುವ ಮನೆಗಳಲ್ಲಿ ಈಚೆಗೆ ಹೊಸದೊಂದು ಮಾತು ಕೇಳಿಬರುತ್ತಿದೆ: “ನಮ್ಮ ಕಚೇರಿಯ ಕಾಗದಪತ್ರಗಳನ್ನೆಲ್ಲ ಎ.ಐ. ಏಜೆಂಟಿಗೆ ತೆರೆದುಕೊಟ್ಟಿದ್ದಾರೆ, ಏನು ಕೇಳಿದರೂ ಹುಡುಕಿ ಹೇಳುತ್ತದೆ.” ಇದು ಕಚೇರಿಯವರ ಪಾಡು, ಮನೆಯವರಿಗೇಕೆ ಎಂದು ವಾಚಕರು ಕೇಳಬಹುದು. ಸಂಬಳದ ಪಟ್ಟಿ, ಹೆರಿಗೆಯ ರಜೆಗೆ ಬರೆದ ಅರ್ಜಿ, ವೈದ್ಯರ ಪ್ರಮಾಣಪತ್ರ, ಮೇಲಧಿಕಾರಿಯ ಮೇಲೆ ಕೊಟ್ಟ ದೂರು, ಇವೆಲ್ಲ ಇರುವುದು ಆ ದಫ್ತರದಲ್ಲಿಯೇ ಅಲ್ಲವೇ?

ಏಜೆಂಟು ಹುಡುಕುವ ಬಗೆಯನ್ನು ಸ್ವಲ್ಪ ಅರಿತುಕೊಳ್ಳೋಣ. ಕಾಗದಗಳನ್ನು ಮೊದಲು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಪ್ರತಿಯೊಂದರ ಅರ್ಥವನ್ನೂ ಅಂಕಿಗಳ ಸಾಲಾಗಿ ಮಾರ್ಪಡಿಸಿ ಶೇಖರಿಸಿಡುವರು. ಕೇಳಿದ ಪ್ರಶ್ನೆಯೂ ಹಾಗೆಯೇ ಅಂಕಿಗಳಾಗುವುದು. ಅದಕ್ಕೆ ಅತ್ಯಂತ ಸಮೀಪವಾದ ತುಣುಕುಗಳನ್ನು ಆರಿಸಿ ತಂದು, ಮುಂದಿಟ್ಟುಕೊಂಡು, ಯಂತ್ರವು ಉತ್ತರವನ್ನು ರಚಿಸುವುದು. ಆದುದರಿಂದಲೇ ‘ಪ್ರಸೂತಿ ರಜೆ’ ಎಂದು ಕೇಳಿದರೆ ‘ಹೆರಿಗೆಯ ಬಿಡುವು’ ಎಂದಿರುವ ಕಾಗದವೂ ದೊರೆಯುವುದು. ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ಕಟ್ಟಳೆಯನ್ನು ಹೊರತಂದ ಮೇಲೆ, ಏಜೆಂಟುಗಳನ್ನು ಬಗೆಬಗೆಯ ದಫ್ತರಗಳಿಗೆ ಜೋಡಿಸುವುದು ಮತ್ತಷ್ಟು ಸುಲಭವಾಗಿದೆ.

ಇದನ್ನು ಹಳಿಯುವವರು ನಾವಲ್ಲ. ಹೊಸದಾಗಿ ಸೇರಿದ ಹುಡುಗಿಯು ಒಂದು ನಿಯಮವನ್ನು ತಿಳಿಯಲು ನಾಲ್ವರ ಮೇಜಿಗೆ ಅಲೆಯುವುದು ತಪ್ಪಿದರೆ ಒಳ್ಳೆಯದೇ ಸರಿ.

ತೊಡಕಿರುವುದು ಬೇರೆ ಕಡೆ. ಎಷ್ಟೋ ಕಡತಗಳಿಗೆ ಯಾರೋ ಯಾವಾಗಲೋ ಅವಸರದಲ್ಲಿ ‘ಎಲ್ಲರೂ ನೋಡಬಹುದು’ ಎಂದು ಗುರುತು ಹಾಕಿ ಮರೆತಿರುತ್ತಾರೆ. ಅವು ಇಷ್ಟು ದಿನ ಗುಟ್ಟಾಗಿ ಉಳಿದುದು, ಎಲ್ಲಿವೆಯೆಂದು ಯಾರಿಗೂ ತಿಳಿಯದಿದ್ದ ಕಾರಣದಿಂದ. ಅಟ್ಟದ ಮೂಲೆಯ ಪೆಟ್ಟಿಗೆಗೆ ಕತ್ತಲೆಯೇ ಬೀಗವಾಗಿದ್ದಂತೆ. ಏಜೆಂಟಿಗೆ ಆ ಕತ್ತಲೆಯು ಅಡ್ಡಿಯಾಗದು. ಇನ್ನು ಕೆಲವೆಡೆ ಬೀಗವಿದ್ದೂ ಪ್ರಯೋಜನವಿಲ್ಲ. ಹುಡುಕಾಟಕ್ಕಾಗಿ ಪ್ರತಿ ತೆಗೆಯುವಾಗ ಕಾಗದದ ಮಾತುಗಳು ಮಾತ್ರ ಬಂದು, ಅದನ್ನು ಯಾರು ನೋಡಬಹುದೆಂಬ ಗುರುತು ಹಿಂದೆಯೇ ಉಳಿದುಬಿಡುವುದುಂಟು. ದೊಡ್ಡ ಯಜಮಾನರ ಅಧಿಕಾರದಿಂದ ಓದಿದುದನ್ನು ಏಜೆಂಟು ಕಿರಿಯ ಗುಮಾಸ್ತನಿಗೆ ಹೇಳಿಬಿಟ್ಟರೆ ಗತಿಯೇನು?

ಹೊರಗಿನವರ ಭಯವೂ ಇಲ್ಲದಿಲ್ಲ. ಮೈಕ್ರೋಸಾಫ್ಟಿನ ‘ಕೋಪೈಲಟ್’ನಲ್ಲಿದ್ದ ದೋಷವೊಂದನ್ನು ಏಮ್ ಲ್ಯಾಬ್ಸಿನ ಸಂಶೋಧಕರು 2025ರ ಜೂನಿನಲ್ಲಿ ಪ್ರಕಟಿಸಿ, ಅದಕ್ಕೆ ‘ಎಕೋಲೀಕ್’ ಎಂದು ಹೆಸರಿಟ್ಟರು. ಯಾರೋ ಅಪರಿಚಿತನು ಇಮೇಲಿನಲ್ಲಿ ಯಂತ್ರಕ್ಕೆಂದೇ ಆಜ್ಞೆಯನ್ನು ಅಡಗಿಸಿ ಕಳುಹಿಸುವನು. ಪಡೆದವರು ಆ ಪತ್ರದಲ್ಲಿ ಏನನ್ನೂ ಒತ್ತಬೇಕಾಗಿರಲಿಲ್ಲ. ಮುಂದೆಂದೋ ಅವರು ಬೇರೊಂದು ಪ್ರಶ್ನೆ ಕೇಳಿದಾಗ ಏಜೆಂಟು ಆ ಪತ್ರವನ್ನೂ ಹುಡುಕಿ ಓದಿ, ಒಳಗಿನ ಸಂಗತಿಗಳನ್ನು ಹೊರಕ್ಕೆ ಸಾಗಿಸುವಂತಿತ್ತು. ಮೈಕ್ರೋಸಾಫ್ಟ್ ಆ ದೋಷವನ್ನು ಸರಿಪಡಿಸಿ, ಗ್ರಾಹಕರಾರಿಗೂ ಹಾನಿಯಾಗಿಲ್ಲವೆಂದು ತಿಳಿಸಿತು. ಆದರೂ ಕಾಗದವನ್ನು ಓದುವುದು ಬೇರೆ, ಕಾಗದ ಹೇಳಿದಂತೆ ನಡೆಯುವುದು ಬೇರೆ ಎಂಬ ವಿವೇಕವು ಈ ಯಂತ್ರಗಳಿಗೆ ಇನ್ನೂ ಪೂರ್ತಿಯಾಗಿ ಬಂದಂತಿಲ್ಲ. (ಮನುಷ್ಯರೆಲ್ಲರಿಗೂ ಬಂದಿದೆಯೆಂದು ನಾವು ಹೇಳಲಾರೆವು.)

ನಮ್ಮ ಅಭಿಪ್ರಾಯದಲ್ಲಿ, ಕೇಳಿದವರಿಗೆ ಏನನ್ನು ನೋಡುವ ಹಕ್ಕಿದೆಯೋ ಅಷ್ಟನ್ನು ಮಾತ್ರ ಏಜೆಂಟಿನ ಕೈಗೆ ಕೊಡತಕ್ಕದ್ದು. ಈ ಪರೀಕ್ಷೆಯು ಹುಡುಕುವ ಹಂತದಲ್ಲಿಯೇ ನಡೆಯಬೇಕು. ಎಲ್ಲವನ್ನೂ ಓದಿಸಿ, ಬಳಿಕ ‘ಇದನ್ನು ಹೇಳಬೇಡ’ ಎಂದು ಬುದ್ಧಿ ಹೇಳುವುದನ್ನು ನಂಬಲಾಗದು. ಉತ್ತರದ ಜೊತೆಗೆ ಅದು ಯಾವ ಕಾಗದದಿಂದ ಬಂದಿತು, ಅದರ ದಿನಾಂಕವೇನು ಎಂಬುದೂ ಇರಲಿ. ರದ್ದಾದ ಹಳೆಯ ನಿಯಮವನ್ನೇ ಹೊಸದೆಂದು ನಂಬಿ ರಜೆ ಹಾಕಿದವರ ಸಂಬಳ ಕಡಿತವಾದರೆ, ಅದನ್ನು ಯಂತ್ರವು ತುಂಬಿಕೊಡುವುದಿಲ್ಲವಷ್ಟೆ.

ಮನೆಯಲ್ಲಿ ಕಂಪೆನಿಯ ಉದ್ಯೋಗಿಗಳಿದ್ದರೆ, ತಮ್ಮ ಆರೋಗ್ಯದ ಕಾಗದಗಳೂ ದೂರಿನ ಪತ್ರಗಳೂ ಈ ಹುಡುಕಾಟದೊಳಗೆ ಸೇರಿವೆಯೇ, ಸೇರಿದ್ದರೆ ಯಾರಿಗೆ ಕಾಣುವುವು ಎಂದು ವಿಚಾರಿಸುವಂತೆ ಅವರಿಗೆ ತಿಳಿಸಿರಿ. ಏಜೆಂಟನ್ನೇ ಕೇಳಿ ಸಮಾಧಾನಪಟ್ಟುಕೊಳ್ಳದೆ, ಸಿಬ್ಬಂದಿ ವಿಭಾಗದ ಅಧಿಕಾರಿಗಳನ್ನು ಕೇಳಿ ಉತ್ತರವನ್ನು ಬರೆವಣಿಗೆಯಲ್ಲಿ ಪಡೆಯಲಿ.