ಉಂಡದ್ದಕ್ಕೆ ತಕ್ಕ ಮೈಕಟ್ಟು

ಮಲೆನಾಡಿನ ಹಳ್ಳಗಳಲ್ಲಿ ಬಂಡೆಗೆ ಕಚ್ಚಿಕೊಂಡಿರುವ ಕಲ್ಲುಮೀನನ್ನು ಮಗುಚಿ ನೋಡಿದರೆ, ಅದರ ಬಾಯಿ ಮೂತಿಯ ತುದಿಯಲ್ಲಿರದೆ ಕೆಳಮಗ್ಗುಲಲ್ಲಿರುವುದು ಕಾಣುತ್ತದೆ. ಅದರ ಹಿಂದೆ ಪುಟ್ಟದೊಂದು ಬಿಲ್ಲೆ. ಸೆಳವಿಗೆ ಕೊಚ್ಚಿಹೋಗದಂತೆ ಕಲ್ಲಿಗೆ ಅಂಟಿಕೊಳ್ಳುವ ಸಾಧನವದು. ಗರಾ ಕುಲದ ಈ ಮೀನು ಕಲ್ಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಪಾಚಿ ಸುಲಭವಾಗಿ ಅರಗದು. ಹಾಗಾಗಿ ಕರುಳು ನೀಳವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಬೇಟೆಯಾಡಿ ಬದುಕುವ ಕೊರವನ ಕರುಳು ಇದರ ಮುಂದೆ ಬಲು ಗಿಡ್ಡ.

ಇದು ಅಸಂಖ್ಯ ತಲೆಮಾರುಗಳ ಕೆಲಸ. ಆದರೆ ಒಂದೇ ಜೀವಿತಾವಧಿಯಲ್ಲಿಯೂ ಆಹಾರವು ಮೀನಿನ ಆಕಾರವನ್ನು ತಿದ್ದಬಲ್ಲದೆಂಬುದು ಅಷ್ಟೇ ಮುಖ್ಯ ಸಂಗತಿ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಬಸವನಹುಳುಗಳನ್ನು ಪುಡಿಮಾಡಿ ತಿನ್ನುವ ಸಿಕ್ಲಿಡ್ ಮೀನೊಂದಿದೆ. ಅದರ ಗಂಟಲೊಳಗಿನ ದವಡೆ ಬೀಸುವ ಕಲ್ಲಿನಂತೆ ದಪ್ಪ. ಅದೇ ಮೀನು ಅಕ್ವೇರಿಯಂನಲ್ಲಿ ಮೆತ್ತನೆಯ ಆಹಾರದಿಂದ ಬೆಳೆದಾಗ ದವಡೆ ಸಣಕಲಾಗಿಯೇ ಉಳಿಯಿತೆಂದು ಗ್ರೀನ್‌ವುಡ್ 1965ರಲ್ಲಿ ತೋರಿಸಿದರು. 1987ರಲ್ಲಿ ಆಕ್ಸೆಲ್ ಮೇಯರ್ ಮಧ್ಯ ಅಮೆರಿಕದ ಇನ್ನೊಂದು ಸಿಕ್ಲಿಡ್‌ನ ಮರಿಗಳಿಗೆ ಎರಡು ಬಗೆಯ ಆಹಾರ ಕೊಟ್ಟು ಸಾಕಿದರು. ಮೂತಿಗಳು ಎರಡು ಬಗೆಯಾದವು. ಬಳಿಕ ಒಂದೇ ಆಹಾರ ಕೊಟ್ಟಾಗ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಯಿತು.

ಎಲ್ಲ ಜಾತಿಗೂ ಈ ಒಗ್ಗಿಕೊಳ್ಳುವಿಕೆ ಸಮನಾಗಿಲ್ಲ, ಮಿತಿಯೂ ಉಂಟು. ಕಲ್ಲುಮೀನಿಗೆ ಎಷ್ಟು ಹಿಂಡಿ ಹಾಕಿದರೂ ಬಾಯಿ ಕಾಟ್ಲಾದಂತೆ ಮೇಲಕ್ಕೆ ತಿರುಗುವುದಿಲ್ಲ.

ಹೀಗಿರುವಾಗ, ಹೊಳೆಯ ಮೀನು ಕಡಿಮೆಯಾಯಿತೆಂದು ಸಾಕಣೆ ಕೇಂದ್ರದ ಮರಿಗಳನ್ನು ತಂದು ಸುರಿಯುವುದರಲ್ಲಿ ಅರ್ಥವೇನಿದೆ? (ಹಾರ, ಭಾಷಣ, ಛಾಯಾಚಿತ್ರಗಳ ಸಂಭ್ರಮವೇನೋ ಚೆನ್ನಾಗಿಯೇ ನಡೆಯುತ್ತದೆ.) ರಸ್ತೆಗೆಂದು ಅಡ್ಡಾದಿಡ್ಡಿ ಕಡಿದ ಗುಡ್ಡದ ಮಣ್ಣು ಮಳೆಗಾಲದಲ್ಲಿ ಹಳ್ಳಕ್ಕಿಳಿದು ಕಲ್ಲಿನ ಮೇಲೆ ಕುಳಿತರೆ, ಪಾಚಿಗೆ ಬೆಳಕಿಲ್ಲ, ಕಲ್ಲಿನ ಸಂದಿಯ ಹುಳುಗಳಿಗೆ ನೆಲೆಯಿಲ್ಲ. ಕೆರೆದು ತಿನ್ನಲೆಂದೇ ರೂಪುಗೊಂಡ ಬಾಯಿಗೆ ಅಲ್ಲಿ ಕೆಲಸವೇ ಇಲ್ಲ. ಮೊದಲು ಉಳಿಯಬೇಕಾದದ್ದು ಹಳ್ಳದ ಕಲ್ಲು, ದಡದ ಮರ. ಮರಿಗಳ ಮಾತು ಆಮೇಲಿನದು.

ಕಾವೇರಿಯ ಅನುಭವ ಕಣ್ಣಮುಂದಿದೆ. ಅಲ್ಲಿ ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಸಂಖ್ಯೆಯಲ್ಲಿ ಹೆಚ್ಚುತ್ತ ಹೋಯಿತು, ಆ ನದಿಯದೇ ಆದ ಗೂನುಬೆನ್ನಿನ ಮಹಸೀರ್ ಕಾಣೆಯಾಗುತ್ತ ಬಂತು. ಅದು ಟೋರ್ ರೆಮಾದೇವಿಯೈ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಸರಿದಾಗಿತ್ತು.