ಮಗುವನ್ನು ಕಸಿದುಕೊಂಡು ತಾಯ್ತನ ಅಳೆಯುವುದೇ?

‘ಮಗುವನ್ನು ಅವಳ ಕೈಗೆ ಕೊಡಬೇಡಿ.’ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ತಾಯಿಯ ಮನೆಯಲ್ಲಿ, ವೈದ್ಯರು ಬಾಯಿ ತೆರೆಯುವ ಮೊದಲೇ ಹೊರಡುವ ಆದೇಶವಿದು. ಹೊರಡಿಸುವವರು ಅತ್ತೆ ಇರಬಹುದು, ಗಂಡ ಇರಬಹುದು, ಹೆತ್ತವ್ವನೇ ಇರಬಹುದು. ಇದಕ್ಕೆ ಅವಧಿಯಿಲ್ಲ, ಮೇಲ್ಮನವಿಯಿಲ್ಲ. ತಿಂಗಳುಗಳ ನಂತರ ಚೇತರಿಸಿಕೊಂಡ ಅದೇ ಹೆಂಗಸು ಮಗುವಿಗೆ ನೀರು ಹಾಕಲು ಕೂತಾಗ ಕೈ ನಡುಗಿದರೆ, ‘ಇವಳಿಂದ ಆಗದು ಅಂತ ಅವತ್ತೇ ಹೇಳಿರಲಿಲ್ಲವೇ’ ಎಂಬ ಷರಾ ಸಿದ್ಧ. ಆ ನಡುಕದಲ್ಲಿ ಕಾಯಿಲೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಕೇಳುವವರಿಲ್ಲ. ಮಗು ಸಾಕುವ ಧೈರ್ಯ ಸಾಕುತ್ತಾ ಸಾಕುತ್ತಾ ಬರುವಂಥದು. ಅದನ್ನು ಬೆಳೆಯಗೊಡದೆ, ಇಲ್ಲವೆಂದು ದೂರುವುದು ಅನ್ಯಾಯ.

ಇದು ಕಾನೂನಿಗೂ ವಿರುದ್ಧವಾದ ಮನೋಭಾವ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮು ಸ್ಪಷ್ಟವಾಗಿದೆ: ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರ್ಪಡಿಸಬಹುದು. ಆಗಲೂ ಮೇಲ್ವಿಚಾರಣೆಯಲ್ಲಿ ತಾಯಿಗೆ ಮಗು ಸಿಗುತ್ತಿರಬೇಕು. 15 ದಿನಕ್ಕೊಮ್ಮೆ ಆ ನಿರ್ಧಾರದ ಮರುಪರಿಶೀಲನೆ ಆಗಬೇಕು. ಬೇರ್ಪಡಿಕೆ ಒಂದೇ ಸಮನೆ 30 ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು.

ಅಪಾಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಳ್ಳಿಗಳಲ್ಲಿ ‘ಬಾಣಂತಿ ಸನ್ನಿ’ ಎಂದು ಕರೆಯುವ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಉಲ್ಬಣಿಸಿದಾಗ ತಾಯಿಗೂ ಮಗುವಿಗೂ ಕಾವಲು ಬೇಕು. ಆದರೆ ಅದು ವಾಸಿಯಾಗುವ ಕಾಯಿಲೆ. ಅದನ್ನು ಗಾಳಿ, ಸೋಂಕು ಎಂದು ತಾಯತ ಕಟ್ಟಿಸಿ ದಿನ ಕಳೆಯುವುದೂ ತಪ್ಪು, ವಾಸಿಯಾದ ಮೇಲೂ ಅಮ್ಮನನ್ನು ತೊಟ್ಟಿಲಿನಿಂದ ದೂರವಿಡುವುದೂ ತಪ್ಪು.

ದಾರಿ ಕಾಣದ ಸಮಸ್ಯೆಯೂ ಇದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತಾಯಿ–ಮಗು ಒಟ್ಟಿಗೆ ದಾಖಲಾಗುವ ಘಟಕ ತೆರೆದಿದೆ. ಅಲ್ಲಿ ಔಷಧದ ಜೊತೆಗೆ ಹಾಲೂಡಿಸುವುದು, ಮಗುವಿನೊಡನೆ ಆಡುವುದು, ಅದರ ಅಳುವನ್ನು ಅರಿಯುವುದು ಕೂಡ ಚಿಕಿತ್ಸೆಯೇ. ಆದರೆ ಇಂಥ ಘಟಕಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಮಗುವಿಗೆ ಜಾಗವಿಲ್ಲದ ವಾರ್ಡುಗಳನ್ನೇ ಇಟ್ಟುಕೊಂಡು ಬೇರ್ಪಡಿಸಬೇಡಿ ಎಂದು ಕಾಯ್ದೆ ಬರೆದ ಸರ್ಕಾರಗಳೂ ಈ ತಪ್ಪಿನಲ್ಲಿ ಪಾಲುದಾರರು.

ಅಪ್ಪಂದಿರ ಪಾಡೂ ಬೇರೆಯಲ್ಲ. ಕಾಯಿಲೆಯ ಹೆಸರು ಹೊತ್ತ ಗಂಡಸಿಗೆ ಮಗನ ಶಾಲಾ ಶುಲ್ಕ ಕಟ್ಟುವ ಹೊಣೆ ಉಳಿಯುತ್ತದೆ, ಮಗನ ವಿಷಯದಲ್ಲಿ ಮಾತಾಡುವ ಹಕ್ಕು ಹೋಗುತ್ತದೆ. ವಿಚ್ಛೇದನ, ಮಕ್ಕಳ ಸುಪರ್ದಿಯ ವ್ಯಾಜ್ಯಗಳಲ್ಲಿ ಮಾತ್ರೆ ಚೀಟಿಯನ್ನೇ ಆಯುಧ ಮಾಡಿಕೊಳ್ಳುವವರು ನೆನಪಿಡಬೇಕು: ಸ್ಕಿಜೋಫ್ರೇನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಕಾಯಿಲೆಯ ತೀವ್ರತೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, 2013ರಲ್ಲಿ ವೈದ್ಯ ದಂಪತಿಯ ಪ್ರಕರಣದಲ್ಲಿ ಅದೇ ನಿಲುವು ತಳೆದಿದೆ. ದಾಂಪತ್ಯ ಮುರಿಯಲು ಸಾಲದ ಚೀಟಿ, ಮಗುವನ್ನು ಅಗಲಿಸಲು ಸಾಕಾಗುವುದು ಹೇಗೆ?

ಆಗಬೇಕಾದ್ದು ಇಷ್ಟು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ತಾಯಿ–ಮಗು ಒಟ್ಟಿಗಿರುವ ಕೋಣೆ ಬೇಕು. ಆಸ್ಪತ್ರೆ ಹೆರಿಗೆಯಾದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾರೆ, ಮಗುವಿನ ತೂಕ ನೋಡುತ್ತಾರೆ. ತಾಯಿಗೆ ನಿದ್ದೆ ಬಂತೇ, ಮನಸ್ಸು ಹೇಗಿದೆ ಎಂದೂ ಕೇಳುವ ತರಬೇತಿ ಅವರಿಗೆ ಸಿಗಬೇಕು, ಅದಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು. 14416ರ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ ತಾಯಿ ಕಾರ್ಡ್‌ನ ಮೊದಲ ಪುಟದಲ್ಲಿರಬೇಕು.

ಮನೆಯವರಿಗೆ ಒಂದು ಮಾತು. ಮಗುವನ್ನು ತಾತ್ಕಾಲಿಕವಾಗಿ ಎತ್ತಿಕೊಳ್ಳಬೇಕಾದ ದಿನ ಬಂದರೆ ಎತ್ತಿಕೊಳ್ಳಿ, ಹಿಂದಿರುಗಿಸುವುದು ಯಾವಾಗ ಎಂಬುದನ್ನು ಅಂದೇ ವೈದ್ಯರಲ್ಲಿ ಕೇಳಿ. ಆಸ್ಪತ್ರೆಗೇ 15 ದಿನದ ಗಡುವು ವಿಧಿಸಿದೆ ಕಾನೂನು. ಅಡುಗೆಮನೆಯಲ್ಲಿ ಹೊರಡುವ ಆದೇಶಕ್ಕೆ ಜೀವಾವಧಿ ಇರಕೂಡದು.